ದ್ಯಾಮವ್ವನ ಮುಂದೆ ನನ್ನ ಪ್ರಶ್ನೆ ನಾನೇ ಕೇಳಿದೆ

ದ್ಯಾಮವ್ವನನ್ನು ನಂಬಿದ ಅಕ್ಕತಂಗಿಯರೇ, ನಾನು ಟಿಕೋಟಾದವಳು. ಹಳೆಯ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ನನ್ನದು. ಬುಟ್ಟಿ ಹೊತ್ತು, ಬಸ್ಸಿನಲ್ಲಿ ಊರೂರು ತಿರುಗಿ ನಾನೇ ಕಟ್ಟಿಕೊಂಡದ್ದು. ಡಬ್ಬಿಗೆ ಮೂರು ಸೀರೆ ಎಂದರೆ ಮೂರೇ, ಮೇಲೊಂದು ಕುಪ್ಪಸ, ಬಿಟ್ಟವಳಲ್ಲ.

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ, ಬಬಲೇಶ್ವರದ ಒಂದು ಮನೆಯಲ್ಲಿ ಹರಿದ ಒಂದು ಸೀರೆಗೆ ದೊಡ್ಡ ಕೊಡವನ್ನೇ ಎತ್ತಿ ಕೊಟ್ಟುಬಿಟ್ಟೆ. ಚೌಕಾಶಿ ಮಾಡಲು ಬಾಯಿಯೇ ಬರಲಿಲ್ಲ. ಆ ಮನೆಯ ಗಂಗವ್ವ ಗಾಬರಿಯಾಗಿ, “ಯಾಕಬೇ ಯಕ್ಕಾ, ಜ್ವರ ಬಂದಾವೇನು?” ಎಂದಳು. ಜ್ವರವಲ್ಲ, ಯಾವುದರ ಮೇಲೂ ಆಸೆ ಉಳಿದಿರಲಿಲ್ಲ. ಮರುದಿನದಿಂದ ಬುಟ್ಟಿ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದೆ. ರೊಟ್ಟಿ ಮಣ್ಣಿನಂತಾಯಿತು. ನನ್ನ ತಲೆ ಬಾಚಿ, ತುತ್ತು ಮಾಡಿ ತಿನ್ನಿಸಿದವಳು ನೆಗೆಣ್ಣಿ ಶಾಂತವ್ವ, ನನ್ನ ಮೈದುನನ ಹೆಂಡತಿ.

ಅತ್ತೆ ನನ್ನನ್ನು ದ್ಯಾಮವ್ವನ ಗುಡಿಗೆ ಎಳೆದೊಯ್ದರು. ನಮ್ಮಲ್ಲಿ ತಾಯಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅತ್ತೆ ಕೇಳಿದರು: “ಮನಿಯಾಗಿನಾಕೀನ ಮಾಟ ಮಾಡಿಸ್ಯಾಳೇನವ್ವಾ?” ಬಲಗಡೆಯ ಹೂ ಬಿತ್ತು. ಮನೆಯಲ್ಲಿ ಇನ್ನೊಬ್ಬಳಿದ್ದದ್ದು ಶಾಂತವ್ವ ಮಾತ್ರ. ವಾರದೊಳಗೆ ಅವಳೂ ಮೈದುನನೂ ಮನೆ ಬಿಟ್ಟು ಇಟ್ಟಂಗಿಹಾಳಕ್ಕೆ ಹೋದರು. ನನ್ನ ಗಂಡ ತನ್ನ ಅವ್ವನ ಮುಖ ನೋಡುತ್ತ ನಿಂತಿದ್ದ. ಆಮೇಲೆ ನಿಂಬೆಹಣ್ಣು, ತಾಯಿತ, ದಾರ. ತಲೆ ಬಾಚುವವರೂ ಇಲ್ಲವಾದರು. ನಾನು ಮಲಗಿದಲ್ಲೇ ಬೇಡಿದೆ: ದ್ಯಾಮವ್ವಾ, ನನ್ನನ್ನು ಕರೆದುಕೊಂಡುಬಿಡು.

ಬಂದವಳು ಗಂಗವ್ವ. ಟಿಕೋಟಾದಲ್ಲಿ ಮದುವೆಗೆಂದು ಬಂದವಳು ಎರಡು ಗಟ್ಟಿ ಸೀರೆ ಹಿಡಿದುಕೊಂಡು ಮನೆ ಹುಡುಕಿದ್ದಳು. “ಆ ಕೊಡದಾಗಿನ ನೀರು ಗಂಟಲದಾಗ ಇಳಿವಲ್ದು ಯಕ್ಕಾ. ಇವನ್ನ ಇಟ್ಕೋ,” ಎಂದು ನನ್ನ ಸ್ಥಿತಿ ನೋಡಿ ಪಕ್ಕದಲ್ಲೇ ಕುಳಿತಳು. “ನನ್ನ ತಮ್ಮನೂ ಹಿಂಗ ಗ್ವಾಡಿ ನೋಡ್ಕೋತ ಬಿದ್ದಿದ್ದ. ಬಿಜಾಪುರ ದವಾಖಾನಿಗೆ ಒಯ್ದ್ವಿ. ಗುಳಗಿ ನುಂಗಿದ. ಈಗ ಟಂಟಂ ಗಾಡಿ ಹೊಡಿತಾನ, ಹೆಂಡ್ತಿ ಕೂಡ ಜಗಳಾನೂ ಮಾಡ್ತಾನ!”

ಅತ್ತೆ ಸಿಡಿದರು: “ನಮ್ಮನಿಯಾಗ ಹುಚ್ಚರಿಲ್ಲ. ದ್ಯಾಮವ್ವನ ಅಪ್ಪಣಿ ಇಲ್ದ ಒಂದ ಗುಳಗೀನೂ ಒಳಗ ಬರಂಗಿಲ್ಲ.”

ಸರಿ, ಮತ್ತೆ ಗುಡಿಗೆ. ಅತ್ತೆ ಬಾಯಿ ತೆರೆಯುವ ಮುಂಚೆ ನಾನು ಗೋಡೆ ಹಿಡಿದು ಎದ್ದೆ. “ಅಜ್ಜಾ, ಜೀವ ನಂದು. ನಾನ ಕೇಳ್ತೀನಿ,” ಎಂದು ಪೂಜಾರಿಗೆ ಹೇಳಿ ಕೈಮುಗಿದೆ: “ಯವ್ವಾ, ನಾ ಬದುಕೂದು ನಿನಗ ಬೇಕಾಗಿದ್ರ ದವಾಖಾನಿಗೆ ಕಳಸು.”

ಹೂ ಅಲುಗಲಿಲ್ಲ. ದೀಪಕ್ಕೆ ಮತ್ತೆ ಎಣ್ಣೆ ಹಾಕಿದರು. “ತಾಯಿ ಒಲ್ಲೆ ಅಂತಾಳ,” ಎಂದ ಪೂಜಾರಿ.

“ಒಲ್ಲೆ ಅಂದಿಲ್ಲಜ್ಜಾ, ಇನ್ನೂ ಚೌಕಾಶಿ ನಡದೈತಿ!”

ಎಷ್ಟೋ ತಿಂಗಳ ಮೇಲೆ ನನ್ನ ಬಾಯಿಂದ ಬಂದ ವ್ಯಾಪಾರದ ಮಾತು ಅದು. ಪೂಜಾರಿ ನಕ್ಕ. ಬಲಗಡೆಯ ಹೂ ಬಿತ್ತು.

ಮರುದಿನ ಗಂಗವ್ವನೇ ಬಿಜಾಪುರದ ಬಸ್ಸಿಗೆ ಹತ್ತಿಸಿದಳು. “ಇದು ಖಿನ್ನತೆ, ಮಾಟ ಅಲ್ಲ,” ಎಂದರು ಡಾಕ್ಟರಮ್ಮ, “ನಡುವೆ ಗುಳಿಗೆ ಬಿಡಬೇಡಿ.” ಮೊದಲು ನಿದ್ದೆ ಬಂತು, ಬಹಳ ದಿನಗಳ ಮೇಲೆ ಹಸಿವು. ಹೊನವಾಡದಲ್ಲಿ ಒಬ್ಬಳೊಡನೆ ಒಂದು ಕುಪ್ಪಸಕ್ಕಾಗಿ ಜಗಳವಾಡಿದ ದಿನ ಬದುಕಿದೆ ಎನ್ನಿಸಿತು. ಈಗ ಗೋಳಗುಮ್ಮಟದ ಕಡೆ ಸಣ್ಣ ಪಾತ್ರೆ ಅಂಗಡಿ ಇಟ್ಟಿದ್ದೇನೆ.

ಮೊದಲ ಹೂವೂ ತಾಯಿಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಒದ್ದೆ ಹೂ ಒಣಗುತ್ತ ಎಂದಾದರೂ ಬೀಳಲೇಬೇಕು. ನನ್ನ ಹೂವೂ ಒದ್ದೆಯಿತ್ತು, ಇರಲಿ. ಅದು ಯಾರ ಮನೆಯನ್ನೂ ಮುರಿಯಲಿಲ್ಲ. ಹಾಗಾಗಿ ಅದನ್ನೇ ತಾಯಿಯ ಮಾತೆಂದು ನಂಬಿದ್ದೇನೆ. ನಿಮಗೂ ಹೇಳುತ್ತೇನೆ: ನಿಮ್ಮ ಪ್ರಶ್ನೆಯನ್ನು ಬೇರೆಯವರ ಬಾಯಿಗೆ ಕೊಡಬೇಡಿ. ಗುಳಿಗೆಯನ್ನೂ ಕುಂಕುಮವನ್ನೂ ಒಂದೇ ಗೂಡಿನಲ್ಲಿಡಿ.

ಶಾಂತವ್ವನನ್ನು ಕರೆಯಲು ಇಟ್ಟಂಗಿಹಾಳಕ್ಕೆ ಹೋಗಿದ್ದೆ. ಚಹಾ ಕೊಟ್ಟಳು. “ಗುಡಿಯಾಗ ಹೊತ್ತ ಅಪವಾದ, ಗುಡಿಯಾಗ ಇಳೀಬೇಕು ಅಕ್ಕಾ. ಅಲ್ಲೀತನಕ ನಾ ಬರಂಗಿಲ್ಲ,” ಎಂದಳು. ನ್ಯಾಯದ ಮಾತು.

“ಶಾಂತವ್ವಂದು ತಪ್ಪಿತ್ತೇನು ಅಂತ ಕೇಳೂಣು, ಬರ್ರಿ ಅತ್ತಿ,” ಎಂದು ಪ್ರತಿ ಮಂಗಳವಾರ ಕರೆಯುತ್ತೇನೆ. ಅವರಿಗೆ ಅಂದೇ ಮೊಣಕಾಲು ನೋಯುತ್ತದೆ. ನನ್ನನ್ನು ಎಬ್ಬಿಸಿದ ದ್ಯಾಮವ್ವ ಅವರನ್ನೂ ಎಬ್ಬಿಸಿಯೇ ಎಬ್ಬಿಸುತ್ತಾಳೆ. ನಾನು ಕರೆಯುವುದನ್ನು ಬಿಡುವುದಿಲ್ಲ.