ಹಲ್ಲಿನೊಳಗಿನ ಲವಂಗ

ಸಿಟ್ಟಿನ ವಿಷಯದಲ್ಲಿ ನಾನು ಎಂದೂ ಜಿಪುಣತನ ಮಾಡಿದವನಲ್ಲ. ಹಾವೇರಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದೆ. ಅಲ್ಲಿ ಲೆಕ್ಕ ತಪ್ಪಿದರೆ ಸಿಟ್ಟು, ಮನೆಯಲ್ಲಿ ಪಲ್ಯದ ಉಪ್ಪು ತಪ್ಪಿದರೆ ಸಿಟ್ಟು. ನಿವೃತ್ತನಾದ ಮೇಲೆ ಶಾಲೆಯ ಹುಡುಗರು ಪಾರಾದರು, ಹೆಂಡತಿಯೊಬ್ಬಳು ಉಳಿದಳು. ನನ್ನ ನಾಲಿಗೆ ಬಲು ಸೂಕ್ಷ್ಮ ಎಂದು ನಾನೇ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಅವಳು ಅದನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಕಳೆದ ಚಳಿಗಾಲದಲ್ಲಿ ನನ್ನ ಎಡಗಡೆಯ ದವಡೆ ಹಲ್ಲು ನೋಯತೊಡಗಿತು. ಹಾವೇರಿಯಲ್ಲಿ ಹಲ್ಲಿನ ಡಾಕ್ಟರಿಗೇನೂ ಬರವಿಲ್ಲ. ಆದರೆ ನನಗೆ ಗೊತ್ತಿದ್ದ ಇಬ್ಬರೂ ನನ್ನ ಶಿಷ್ಯರು. ಒಂದು ಕಾಲಕ್ಕೆ ಯಾರ ಕಿವಿ ಹಿಂಡಿದ್ದೆನೋ ಅವರ ಮುಂದೆ ಬಾಯಿ ತೆರೆದು ಮಲಗಲು ಮನಸ್ಸಾಗಲಿಲ್ಲ. ರೈಲು ಹತ್ತಿ ರಾಣೆಬೆನ್ನೂರಿಗೆ ಹೋದೆ. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರೂಟ್ ಕೆನಾಲ್ ಆಗಬೇಕು ಎಂದು ಹಲ್ಲು ಕೊರೆದರು. ಒಳಗೆ ಔಷಧದ ಹತ್ತಿ ಇಟ್ಟು, ಮೇಲೆ ಹಂಗಾಮಿಯಾಗಿ ಸಿಮೆಂಟು ಮೆತ್ತಿದರು. ಎರಡು ದಿನ ಬಾಯಿಯ ರುಚಿ ಕೆಟ್ಟಿರುತ್ತದೆ, ಉಪ್ಪುನೀರು ಮುಕ್ಕಳಿಸಿ, ವಾರ ಬಿಟ್ಟು ತಪ್ಪದೇ ಬನ್ನಿ ಎಂದು ಹೇಳಿ ಕಳಿಸಿದರು. ಅವರು ಹೇಳಿದಂತೆಯೇ ಎರಡು ದಿನಕ್ಕೆ ರುಚಿ ಸರಿಹೋಯಿತು, ನೋವೂ ಹೋಯಿತು. ನೋಯದ ಹಲ್ಲನ್ನು ಮತ್ತೆ ಯಾಕೆ ಕೆದಕಿಸಿಕೊಳ್ಳಬೇಕು? ನಾನು ಹೋಗಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಚಹಾದ ಮೊದಲ ಗುಟುಕು ಬಾಯಿಗೆ ಬಿದ್ದದ್ದೇ ತಡ, ಬೆಚ್ಚಿಬಿದ್ದೆ. ತುಕ್ಕು ಹಿಡಿದ ಮೊಳೆ ನೆಕ್ಕಿದಂಥ ಒಗರು, ಅದರ ಬೆನ್ನಿಗೇ ಗಂಟಲವರೆಗೂ ಇಳಿಯುವ ಕಹಿ. ಹಾಲು ಕೆಟ್ಟಿದೆ ಎಂದು ಕೂಗಾಡಿ ಹಾಲಿನವನನ್ನು ಬಿಡಿಸಿದೆ. ಹೊಸ ಹಾಲಿನ ಚಹಾವೂ ಕಹಿಯಾದಾಗ ನಳದ ನೀರಿನ ಮೇಲೆ ತಿರುಗಿಬಿದ್ದೆ. ಹೆಂಡತಿ ಎರಡು ಓಣಿ ಆಚೆಯಿಂದ ಕುಡಿಯುವ ನೀರು ಹೊತ್ತು ತರತೊಡಗಿದಳು. ಆಮೇಲೆ ರೊಟ್ಟಿಯ ಸರದಿ ಬಂತು, ಜೋಳ ಬೀಸಿಸುವ ಗಿರಣಿಯನ್ನೇ ಬದಲಾಯಿಸಿದೆವು. ಹಾಲು, ನೀರು, ಗಿರಣಿ ಎಲ್ಲದರ ಮೇಲೂ ನನಗೆ ಅನುಮಾನ ಬಂತು, ನನ್ನ ಬಾಯಿಯೊಂದರ ಮೇಲೆ ಬರಲಿಲ್ಲ. ಹಲ್ಲು ನೋಯುತ್ತಿರಲಿಲ್ಲವಲ್ಲ.

ಅದೇ ಹೊತ್ತಿಗೆ ಮಸಾಲೆ ಖಾರ ಮಾಡುವ ದಿನಗಳು ಬಂದವು. ನಮ್ಮ ಕಡೆ ವರ್ಷದ ಖಾರ ಒಂದೇ ಸಲ ಆಗುತ್ತದೆ, ಅದು ಕೆಟ್ಟರೆ ವರ್ಷದ ಊಟವೇ ಕೆಟ್ಟಂತೆ. ಮೆಣಸಿನಕಾಯಿಗೆ ಅವಳೇ ಬ್ಯಾಡಗಿಗೆ ಹೋಗಬೇಕು. ಕಾಯಿಯನ್ನು ಮುಷ್ಟಿಯಲ್ಲಿ ಹಿಚುಕಿ, ಕಿವಿಯ ಹತ್ತಿರ ತಂದು ಬೀಜದ ಸದ್ದು ಕೇಳಿ, ಮೂಸಿ, ಆಮೇಲೆ ಚೀಲಕ್ಕೆ ಹಾಕಿಸುವಳು. ಮಾಳಿಗೆಯ ಮೇಲೆ ಒಣಗಿಸಿ, ತೊಟ್ಟು ಬಿಡಿಸಿ, ಕೊತ್ತಂಬರಿ, ಕೊಬ್ಬರಿ, ಮೆಂತ್ಯ, ಲವಂಗ ಎಲ್ಲವನ್ನೂ ಬೇರೆ ಬೇರೆ ಹುರಿದು ಗಿರಣಿಯಲ್ಲಿ ಕುಟ್ಟಿಸಿ ತರುವಳು. ಓಣಿಯಲ್ಲಿ ಯಾರ ಮನೆಯ ಖಾರಕ್ಕೂ ಹುರಿಯುವ ಹದ ಹೇಳಲು ಅವಳನ್ನೇ ಕರೆಯುತ್ತಿದ್ದರು. ಹೊಸ ಖಾರದ ಮೊದಲ ತುತ್ತು ಮಾತ್ರ ಯಾವಾಗಲೂ ನನ್ನದು. ಬಿಸಿ ರೊಟ್ಟಿ, ಅದರ ಮೇಲೆ ಖಾರ, ಮೇಲೆ ಹಸಿ ಶೇಂಗಾ ಎಣ್ಣೆ. ನಾನು ತಿಂದು ತಲೆಯಾಡಿಸಿದ ಮೇಲೆಯೇ ಡಬ್ಬಿಗೆ ತುಂಬುವುದು.

ಆ ಮಧ್ಯಾಹ್ನ ನಾನು ತಲೆಯಾಡಿಸಲಿಲ್ಲ, ತುತ್ತನ್ನು ತಾಟಿನೊಳಗೆ ಉಗುಳಿದೆ.

"ಮೆಂತ್ಯ ಹೊತ್ತೈತಿ, ಲವಂಗ ಸುರದೀದಿ," ಅಂದೆ. "ವರ್ಷದ ಖಾರ ಹಾಳ ಮಾಡಿಟ್ಟಿ."

ಅವಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಚಪ್ಪರಿಸಿದಳು. ಇನ್ನೊಂದು ಚಿಟಿಕೆ ಹಾಕಿಕೊಂಡಳು. "ಹೌದೇನ್ರಿ?" ಎಂದು ಕೇಳಿದಳು, ಅಷ್ಟೇ. ನಾನು ಕೈ ತೊಳೆಯಲು ಎದ್ದೆ.

ಎರಡು ದಿನದ ಮೇಲೆ ನೋಡಿದರೆ ಖಾರದ ಡಬ್ಬಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಇರಲಿಲ್ಲ. ಪಕ್ಕದ ಮನೆಯ ಆಪಾಗೆ ಕೊಟ್ಟೆ ಎಂದಳು. ಆಪಾ ಎಂದು ಕರೆಯುವುದು ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡ ಮನೆಯ ಮುಸಲ್ಮಾನ ಹೆಣ್ಣುಮಗಳನ್ನು. ನಮ್ಮ ಮನೆಗೆ ಅಂಗಡಿಯ ಪ್ಯಾಕೆಟ್ ಖಾರ ಬಂತು. ಅದೂ ಕಹಿ ಎಂದೆ. ಅಂಗಡಿಯವನ ಪರವಾಗಿ ಎಂಬಂತೆ ಅವಳೇ ತಲೆ ತಗ್ಗಿಸಿದಳು. ಆಮೇಲೆ ಓಣಿಯವರು ಖಾರ ಹುರಿಯಲು ಕರೆಯಲು ಬಂದರೆ ಸೊಂಟ ನೋವು ಎಂದು ಹೇಳಿ ಕಳಿಸುತ್ತಿದ್ದಳು. ನಾನು ಅದನ್ನು ನಿಜವೆಂದೇ ನಂಬಿ ಔಷಧಿ ಅಂಗಡಿಯಿಂದ ಮುಲಾಮು ತಂದುಕೊಟ್ಟೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅನ್ನ ಉಣ್ಣುವಾಗ ಹಲ್ಲಿಗೆ ಕಲ್ಲು ಸಿಕ್ಕಿತು. ಅಕ್ಕಿ ಆರಿಸಲೂ ಬರುವುದಿಲ್ಲವೇ ಎಂದು ರೇಗಿ ಅದನ್ನು ಬೆರಳಿಗೆ ತೆಗೆದುಕೊಂಡೆ. ಬೆಳ್ಳಗೆ, ಚಪ್ಪಟೆಯಾಗಿತ್ತು. ನಾಲಿಗೆ ತಾನಾಗಿಯೇ ಎಡದವಡೆಗೆ ಹೋಯಿತು. ಅಲ್ಲಿ ತೂತಿತ್ತು. ಕೈಯಲ್ಲಿದ್ದದ್ದು ಕಲ್ಲಲ್ಲ, ಡಾಕ್ಟರು ಮೆತ್ತಿದ್ದ ಸಿಮೆಂಟಿನ ಚೂರು.

ಮರುದಿನ ರಾಣೆಬೆನ್ನೂರಿಗೆ ಓಡಿದೆ. ಡಾಕ್ಟರು ಹಲ್ಲಿನೊಳಗಿಂದ ಏನನ್ನೋ ಚಿಮಟದಲ್ಲಿ ಹಿಡಿದು ಹೊರಗೆಳೆದರು. ಇದ್ದಿಲಿನಷ್ಟು ಕಪ್ಪಾದ ಹತ್ತಿಯ ಎಳೆ. ಅದರ ನಾತಕ್ಕೆ ಮುಖಗವಸಿನ ಮೇಲೆ ಅವರ ಕಣ್ಣುಗಳು ಕಿರಿದಾದವು.

"ಲವಂಗದ ಎಣ್ಣಿ ಕಲಸಿದ ಔಷಧರಿ ಇದು," ಅಂದರು. "ಮ್ಯಾಲಿನ ಸಿಮೆಂಟ್ ಎಂದೋ ಬಿರುಕು ಬಿಟ್ಟೈತಿ. ಬಿಸೀದು ತಿಂದಾಗೆಲ್ಲಾ ಒಳಗಿನ ಹೊಲಸು ಸೋರಿ ನಾಲಿಗಿಗೆ ಬಂದೈತಿ. ಇಷ್ಟ ದಿವಸ ಊಟ ಕಹಿ ಹತ್ತಲಿಲ್ಲೇನ್ರಿ ಸರ್?"

ನನಗೆ ಬಾಯಿ ಮುಚ್ಚಲು ಆಗಲಿಲ್ಲ. ಚಿಕಿತ್ಸೆಗೆ ತೆರೆದಿಟ್ಟದ್ದು ಹಾಗೇ ತೆರೆದಿತ್ತು. ಲವಂಗ ಸುರದೀದಿ ಎಂದವನು ನಾನು. ಅದು ನನ್ನ ಹಲ್ಲಿನೊಳಗೇ ಕೂತಿತ್ತು. ಡಾಕ್ಟರು ಎಲ್ಲ ತೊಳೆದು, ಬೇರೆ ಔಷಧ ಇಟ್ಟು ಭದ್ರವಾಗಿ ಮುಚ್ಚಿ, ಮುಕ್ಕಳಿಸಲು ನೀರು ಕೊಟ್ಟರು. ಬರೀ ನೀರು. ಅದು ನೀರಿನ ಹಾಗೆಯೇ ಇತ್ತು, ಎಷ್ಟು ತಿಂಗಳ ಮೇಲೆ ಹಾಗಿತ್ತೋ.

ಮರಳುವಾಗ ಗಾಡಿ ಬ್ಯಾಡಗಿಯಲ್ಲಿ ನಿಂತಿತು. ಕಿಟಕಿಯಿಂದ ಮೆಣಸಿನಕಾಯಿಯ ಘಾಟು ನುಗ್ಗಿ ಬೋಗಿಯೆಲ್ಲ ಸೀನಿತು. ನಾನೂ ಸೀನಿದೆ. ಒಣಮೆಣಸಿನಕಾಯಿಯ ಆ ಸಿಹಿ ವಾಸನೆಯಲ್ಲಿ, ಮುಷ್ಟಿಯಲ್ಲಿ ಕಾಯಿ ಹಿಡಿದು ಕಿವಿಗೆ ತಂದುಕೊಳ್ಳುವ ಅವಳ ಕೈ ಕಣ್ಣ ಮುಂದೆ ಬಂತು. ಹಾವೇರಿ ಬರುವವರೆಗೂ ಕೂತಲ್ಲಿ ಕೂರಲಾಗಲಿಲ್ಲ.

ನಮ್ಮ ಮನೆಗೆ ಹೋಗದೆ ನೇರವಾಗಿ ಪಕ್ಕದ ಮನೆಗೆ ಹೋದೆ. ಖಾರದ ವಿಷಯ ಎತ್ತಿದಾಗ ಆಪಾ ಒಳಗಿಂದ ಡಬ್ಬಿ ತಂದಿಟ್ಟರು. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟೆ. ಮೆಂತ್ಯ ಹೊತ್ತಿರಲಿಲ್ಲ, ಲವಂಗ ಇದೆಯೋ ಇಲ್ಲವೋ ಎಂಬಷ್ಟಿತ್ತು. ಮದುವೆಯಾದಾಗಿನಿಂದ ನಾನು ತಿಂದ ಖಾರಗಳಲ್ಲಿ ಅಷ್ಟು ಹದವಾದದ್ದು ಇನ್ನೊಂದಿರಲಿಲ್ಲ. ಡಬ್ಬಿ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತೆ.

"ಮಾಸ್ತರ್ರ, ನಿಮಗ ಹೇಳಬಾರದು ಅಂದಿದ್ರು ನಿಮ್ಮನಿ ಬಾಯಾರು," ಎಂದು ಆಪಾ ದನಿ ತಗ್ಗಿಸಿದರು. "ಎರಡ ತಿಂಗಳಾತು, ದಿನಾ ಮುಂಜಾನೆ ಒಂದ ಬಟ್ಟಲದಾಗ ಪಲ್ಯ ತರ್ತಾರ. ಉಪ್ಪು ಖಾರ ಬರೊಬ್ಬರಿ ಐತೇನು ನೋಡ ಆಪಾ, ನನಗ ತಿಳಿವಲ್ದು ಅಂತಾರ. ನಾ ಹೂಂ ಅಂದ ಮ್ಯಾಲೆನ ನಿಮಗ ಬಡಸೋದು. ರೋಜಾ ಉಪಾಸ ಇದ್ದಾಗ ನಾ ನಾಲಿಗಿಗೆ ಹಚ್ಚಂಗಿಲ್ಲ ಅಂದೆ. ಹಂಗಾರ ಮೂಸಿ ನೋಡ್ಯಾರ ಹೇಳು ಅಂತ ಕೈ ಹಿಡಕೊಂಡ್ರು."

ಎಷ್ಟೋ ಸಾವಿನ ಸುದ್ದಿ ಕೇಳಿದ್ದೇನೆ, ಇಷ್ಟು ತತ್ತರಿಸಿದ್ದು ನೆನಪಿಲ್ಲ. ಓಣಿಗೆಲ್ಲ ಹದ ಹೇಳುವ ಹೆಣ್ಣುಮಗಳು, ಉಪವಾಸವಿದ್ದವಳ ಮೂಗಿಗೆ ಬಟ್ಟಲು ಹಿಡಿದು ನಿಂತಿದ್ದಳು. ನಾನು ಇತ್ತ ಪೇಪರು ಓದುತ್ತ ರೊಟ್ಟಿಗೆ ಕಾಯುತ್ತಿದ್ದೆ.

ಡಬ್ಬಿ ಎತ್ತಿಕೊಂಡು ಮನೆಗೆ ಬಂದು ಅವಳ ಮುಂದಿಟ್ಟೆ. ಸಿಮೆಂಟು, ಹತ್ತಿ, ಲವಂಗದ ಎಣ್ಣೆ, ಒಂದನ್ನೂ ಬಿಡದೆ ಹೇಳಿದೆ. ತಪ್ಪಾಯಿತು ಎಂಬ ಮಾತನ್ನು ಅವಳಿಗೆ ನಾನು ಹೇಳಿದ್ದು ಅದೇ ಮೊದಲು. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿದಳು.

"ನನಗೂ ಅವತ್ತ ಚಲೋನ ಹತ್ತಿತ್ತರಿ," ಅಂದಳು.

"ಮತ್ತ ಯಾಕ ಹೇಳಲಿಲ್ಲ?"

"ನೀವು ಕಹಿ ಅಂದ್ರಿ. ನನ್ನ ನಾಲಿಗೀನ ಸತ್ತೈತಿ ಅನ್ಕೊಂಡೆ."

ಡಬ್ಬಿಯ ಮುಚ್ಚಳ ತೆಗೆದು ಅವಳ ಕಡೆ ಸರಿಸಿದೆ. ಈಗ ನೀನೇ ನೋಡಿ ಹೇಳು, ನಾನು ಒಂದು ಮಾತೂ ಆಡುವುದಿಲ್ಲ ಎಂದೆ. ಅವಳು ಕೈ ಒರೆಸಿಕೊಂಡು ಚಿಟಿಕೆ ಖಾರ ತೆಗೆದಳು. ನಾಲಿಗೆಯ ಮೇಲಿಟ್ಟುಕೊಂಡು ಬಾಯಿ ಮುಚ್ಚಿದಳು. ಆಮೇಲೆ, ಅದು ಹೇಗಿದೆ ಎಂದು ತಿಳಿಯಲು, ನನ್ನ ಮುಖ ನೋಡಿದಳು.