ಭಾವನ ಟ್ಯಾಕ್ಸಿಗೆ ಪಾಸಿಂಗ್

ಮುಂಬಯಿಯವರಿಗೆ ಚಳಿ ಎಂದರೆ ಏನೆಂದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ದೊಡ್ಡದು ಮಾಡಿ ಸಂಭ್ರಮಿಸುವುದರಲ್ಲಿ ಮಾತ್ರ ಈ ಊರಿನವರನ್ನು ಮೀರಿಸುವವರಿಲ್ಲ. ಐವತ್ತರ ದಶಕದ ಒಂದು ಜನವರಿಯಲ್ಲಿ ಉತ್ತರದಿಂದ ಒಂದಿಷ್ಟು ತಣ್ಣನೆಯ ಗಾಳಿ ಬೀಸಿತು, ಅಷ್ಟೇ. ಸಾಂತಾಕ್ರೂಜಿನ ನಮ್ಮ ಹೋಟೆಲಿಗೆ ಬರುವ ಗುಮಾಸ್ತರೆಲ್ಲ ತಲೆಗೆ ಮಫ್ಲರ್ ಸುತ್ತಿ, ಕಿವಿಗೆ ಹತ್ತಿ ತುರುಕಿ, ಹಿಮಾಲಯದಿಂದ ಈಗಷ್ಟೇ ಇಳಿದು ಬಂದವರಂತೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಅವರ ಮಾತು ಕೇಳಿದರೆ ಇಡೀ ಊರೇ ಹೆಪ್ಪುಗಟ್ಟಿದೆ ಅನ್ನಬೇಕು. ನಿಜವಾಗಿ ಆ ವಾರ ಹೆಪ್ಪುಗಟ್ಟಿದ್ದು ಒಂದೇ ಒಂದು ವಸ್ತು, ನಮ್ಮ ಅಡುಗೆಮನೆಯ ತೆಂಗಿನೆಣ್ಣೆ. ಬೆಳಿಗ್ಗೆ ಎದ್ದು ನೋಡಿದರೆ ಬಾಟ್ಲಿಯೊಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತಿತ್ತು. ತಲೆಗೆ ಹಚ್ಚಿಕೊಳ್ಳಬೇಕಾದವರೆಲ್ಲ ಸರದಿಯಲ್ಲಿ ನಿಂತು ಬಾಟ್ಲಿಯನ್ನು ಒಲೆಯ ಹತ್ತಿರ ಹಿಡಿದು ಕರಗಿಸಿಕೊಳ್ಳುತ್ತಿದ್ದರು.

ನಮ್ಮ ಹೋಟೆಲು ಅಂದೆ, ಅಭ್ಯಾಸಬಲ. ಹೋಟೆಲು ನನ್ನ ಗಂಡನ ಅಣ್ಣನದು, ಅಂದರೆ ನನ್ನ ಭಾವನದು. ಉಡುಪಿಯ ಕಡೆಯಿಂದ ನಾನು ಮದುವೆಯಾಗಿ ಬಂದದ್ದು ಹೋಟೆಲಿನ ಹಿಂದಿನ ಕತ್ತಲೆ ಕೋಣೆಗೆ. ಭಾವ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಉಳಿದದ್ದೆಲ್ಲ ನನ್ನ ಗಂಡ ಮಾಡುತ್ತಿದ್ದರು. ಬೆಳಗಾಗುವ ಮೊದಲೇ ಎದ್ದು ಇಡ್ಲಿಗೂ ದೋಸೆಗೂ ರುಬ್ಬುವುದು ನನ್ನ ಪಾಲಿಗೆ. ಅದನ್ನು ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಮನೆಯ ಹೆಂಗಸು ರುಬ್ಬದೆ ಇನ್ನು ಯಾರು ರುಬ್ಬಬೇಕು ಎಂಬುದು ಭಾವನ ಪ್ರಶ್ನೆ. ಆ ಪ್ರಶ್ನೆಗೆ ನನ್ನಲ್ಲಿ ಚೆನ್ನಾದ ಉತ್ತರವಿತ್ತು, ಕೇಳುವವರು ಇರಲಿಲ್ಲ.

ನನಗಿದ್ದದ್ದು ಒಂದೇ ಆಸೆ. ಮಲಾಡಿನ ಒಂದು ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ವಠಾರದಲ್ಲಿ, ನನ್ನ ಅಮ್ಮನ ಕಡೆಯ ಸಂಬಂಧಿಕರೊಬ್ಬರು ಊರಿಗೆ ಹಿಂದಿರುಗುವವರಿದ್ದರು. ತಮ್ಮ ರೂಮನ್ನು ಆ ತಿಂಗಳು ಮುಗಿಯುವ ತನಕ ನಮಗೆಂದೇ ಹಿಡಿದಿಟ್ಟಿದ್ದರು. ನಾನು ಒಮ್ಮೆ ಹೋಗಿ ನೋಡಿ ಬಂದಿದ್ದೆ. ಅದಕ್ಕೆ ಕಿಟಕಿ ಇತ್ತು, ಕಿಟಕಿಯಾಚೆ ಒಂದು ಬಾದಾಮಿ ಮರ ಇತ್ತು, ಒಳಗೆ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಬೇಕಾಗಿರಲಿಲ್ಲ. ಭಾವ ಮಾತು ಕೊಟ್ಟಿದ್ದರು. ತಮ್ಮನಿಗೆ ಎಲ್ಲರ ಎದುರಿಗೇ ಹೇಳಿದ್ದರು: "ಟ್ಯಾಕ್ಸಿ ಪಾಸಿಂಗ್ ಆಗ್ಲಿ ಮಾರಾಯ. ಮತ್ತೆ ನೀನೇ ನಡೆಸು, ಮಲಾಡಿಗೆ ಹೋಗಿ ಇಬ್ರೂ ಆರಾಮ ಇರಿ."

ಪಾಸಿಂಗ್ ಎಂದರೆ ಟ್ಯಾಕ್ಸಿಯನ್ನು ಸರ್ಕಾರಿ ಇನ್ಸ್‌ಪೆಕ್ಟರ ಮುಂದೆ ನಿಲ್ಲಿಸಿ, ಇದು ರಸ್ತೆಗಿಳಿಯಲು ಯೋಗ್ಯ ಅನ್ನಿಸಿಕೊಳ್ಳುವುದು. ಭಾವ ಪಾರ್ಸಿ ಮುದುಕರೊಬ್ಬರಿಂದ ಕೊಂಡ ಆ ಇಂಗ್ಲಿಷ್ ಗಾಡಿ ರಸ್ತೆಗಿರಲಿ, ಗುಜರಿಗೂ ಯೋಗ್ಯವಾಗಿರಲಿಲ್ಲ. ಆದರೂ ಅದನ್ನು ತಮ್ಮದೇ ಹೆಸರಿನಲ್ಲಿ ಟ್ಯಾಕ್ಸಿ ಮಾಡಿಸಿಕೊಂಡಿದ್ದರು. ಅದಕ್ಕಾಗಿಯೇ ನನ್ನ ಗಂಡ ಡ್ರೈವಿಂಗ್ ಕಲಿತು, ಪರೀಕ್ಷೆ ಕೊಟ್ಟು, ಟ್ಯಾಕ್ಸಿ ಡ್ರೈವರನ ಹಿತ್ತಾಳೆ ಬಿಲ್ಲೆ ಪಡೆದಿದ್ದರು.

ಗಾಡಿಯ ವಿಷಯದಲ್ಲಿ ಭಾವನಷ್ಟು ತಿಳಿದವರು ಮುಂಬಯಿಯಲ್ಲೇ ಇಲ್ಲ ಎಂಬುದು ಭಾವನದೇ ಅಭಿಪ್ರಾಯವಾಗಿತ್ತು. ಪಾಸಿಂಗಿನ ಹಿಂದಿನ ದಿನ ಅವರು ಅಪರೂಪಕ್ಕೆ ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಅಂಗಳಕ್ಕೆ ಬಂದರು. ಪಂಚೆ ಮೇಲೆ ಕಟ್ಟಿ, ಸೊಂಟಕ್ಕೆ ಕೈಯಿಟ್ಟು, ಮದುವೆಗೆ ಹೆಣ್ಣನ್ನು ಸಿಂಗರಿಸುವ ಹಾಗೆ ಗಾಡಿಯ ಸಿಂಗಾರ ಶುರುಮಾಡಿಸಿದರು. ಹರಿದ ಸೀಟಿಗೆ ಹೋಟೆಲಿನ ಮೇಜಿನ ಬಟ್ಟೆ ಹೊದಿಸಿದ್ದಾಯಿತು. ನೆಲದ ತೂತಿಗೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಬಡಿದದ್ದಾಯಿತು. ಸವೆದ ಟಯರುಗಳಿಗೆ ಬೂಟ್ ಪಾಲಿಶ್ ತಿಕ್ಕಿದ್ದೂ ಆಯಿತು. ಬಣ್ಣ ಹೋದಲ್ಲೆಲ್ಲ ತುಕ್ಕು ಕಾಣುತ್ತಿತ್ತು. ಅದಕ್ಕೆ ಭಾವನ ಬಳಿ ಮದ್ದಿತ್ತು.

"ತೆಂಗಿನೆಣ್ಣೆ ಹಚ್ಚಿ," ಎಂದರು. "ಊರಿನ ಎಣ್ಣೆ. ಹೇಗೆ ಹೊಳಿತದೆ ನೋಡಿ."

ಆ ಮನೆಯಲ್ಲಿ ತೆಂಗಿನೆಣ್ಣೆ ಮುಟ್ಟದ ಜಾಗವಿರಲಿಲ್ಲ. ತಲೆಗೆ ಅದೇ, ಸುಟ್ಟ ಕೈಗೆ ಅದೇ, ಕಿರುಗುಟ್ಟುವ ಬಾಗಿಲಿಗೆ ಅದೇ, ತಿರುಗದ ಫ್ಯಾನಿಗೂ ಅದೇ. ಮಂಗಳೂರು, ಉಡುಪಿಯ ಕಡೆಯ ಯಾರನ್ನು ಬೇಕಾದರೂ ಕೇಳಿ, ಅದರಿಂದ ಗುಣವಾಗದ ಕಾಯಿಲೆಯೇ ಇಲ್ಲ ಅನ್ನುತ್ತಾರೆ. ಹಾಗಾಗಿ ಯಾರೂ ಅಚ್ಚರಿಪಡಲಿಲ್ಲ. ನಾನೇ ಒಳಗಿಂದ ಎಣ್ಣೆ ಬಿಸಿಮಾಡಿ ತಂದುಕೊಟ್ಟೆ. ಇಡೀ ಗಾಡಿಗೆ ಅಭ್ಯಂಜನವಾಯಿತು.

ಆಗಿನ ಗಾಡಿಗಳಿಗೆ ಈಗಿನಂತೆ ಮಿಣುಕುವ ದೀಪಗಳಿರಲಿಲ್ಲ. ಎರಡು ಬಾಗಿಲುಗಳ ನಡುವಿನ ಕಂಬದೊಳಗೆ ಒಂದು ಪುಟ್ಟ ಕೈ ಅಡಗಿರುತ್ತಿತ್ತು. ಒಳಗೆ ಗುಂಡಿ ತಿರುಗಿಸಿದರೆ ಅದು ಟಪ್ಪೆಂದು ಹೊರಬಂದು ಅಡ್ಡಕ್ಕೆ ನಿಂತು, ಗಾಡಿ ಯಾವ ಕಡೆ ತಿರುಗುತ್ತದೆಂದು ತೋರಿಸುತ್ತಿತ್ತು. ನಮ್ಮ ಗಾಡಿಯ ಕೈಗಳು ಕಿರುಗುಟ್ಟುತ್ತ, ಬೇಡದ ಮನಸ್ಸಿನಿಂದ ಏಳುತ್ತಿದ್ದವು. ನನ್ನ ಗಂಡ ಮೆಲ್ಲಗೆ ಹೇಳಿದರು, "ಅಣ್ಣ, ಇದಕ್ಕೆ ಮೆಶಿನ್ ಎಣ್ಣೆ ಆಗ್ಬೇಕು. ಗ್ಯಾರೇಜಿನವರ ಹತ್ರ ಕೇಳಿ ತರ್ತೇನೆ."

"ಅವ್ರಿಗೆ ಎಂತ ಗೊತ್ತುಂಟು?" ಎಂದು ಭಾವ ತಾವೇ ಬಾಟ್ಲಿ ತೆಗೆದುಕೊಂಡು ಎರಡೂ ಕಂಬಗಳೊಳಗೆ ಧಾರಾಳವಾಗಿ ಸುರಿದರು. ಕೈಗಳು ಆ ಸಂಜೆ ಬೆಣ್ಣೆಯಲ್ಲಿ ಜಾರಿದಂತೆ ಎದ್ದವು, ಇಳಿದವು. ಭಾವ ಮತ್ತೆ ಮತ್ತೆ ಎಬ್ಬಿಸಿ ಇಳಿಸಿ ನೋಡಿ, ಹೋಟೆಲಿಗೆ ಬಂದವರಿಗೆಲ್ಲ ತೋರಿಸಿದರು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ಗಾಡಿ ಬೆಳ್ಳಗಾಗಿತ್ತು. ತಲೆಯಿಂದ ಗಾಲಿಯವರೆಗೆ ಮಂಜು ಬಿದ್ದಂತೆ ಬಿಳಿ ಪದರ. ಭಾವ ಬೆರಳಲ್ಲಿ ಮುಟ್ಟಿ ನೋಡಿ, "ಇಬ್ಬನಿ," ಎಂದು ತೀರ್ಪು ಕೊಟ್ಟರು. ಇಬ್ಬನಿ ಜಿಡ್ಡಾಗಿರುವುದಿಲ್ಲ, ಅದಕ್ಕೆ ಕೊಬ್ಬರಿಯ ವಾಸನೆ ಇರುವುದಿಲ್ಲ ಎಂದು ಅಲ್ಲಿ ನೆರೆದ ಒಬ್ಬ ಬುದ್ಧಿವಂತನಿಗೂ ಹೊಳೆಯಲಿಲ್ಲ. ನಾವೆಲ್ಲ ಆಗಷ್ಟೇ ಒಲೆಯ ಮುಂದೆ ನಿಂತು ಎಣ್ಣೆ ಕರಗಿಸಿ ತಲೆಗೆ ಹಚ್ಚಿಕೊಂಡು ಬಂದಿದ್ದೆವು! ಮೇಲಿನದನ್ನು ತಿಕ್ಕಿ ಒರೆಸಿದರು. ಕಂಬದೊಳಗೆ ಸುರಿದದ್ದು ಯಾರ ನೆನಪಿಗೂ ಬರಲಿಲ್ಲ. ಇಡ್ಲಿ ಬೇಯಿಸಿದ ಹಂಡೆಯ ಬಿಸಿನೀರನ್ನು ರೇಡಿಯೇಟರಿಗೆ ಹೊಯ್ದು, ಹ್ಯಾಂಡಲ್ ಹಾಕಿ ತಿರುವಿ ತಿರುವಿ ನನ್ನ ಗಂಡನ ಭುಜ ಕಳಚುವಷ್ಟಾದ ಮೇಲೆ ಇಂಜಿನ್ ಕೆಮ್ಮುತ್ತ ಎದ್ದಿತು.

ಭಾವ ನನ್ನ ಗಂಡನ ಪಕ್ಕ ಮುಂದೆ ಕೂತು, ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದರು. ಗಾಡಿಯಲ್ಲಿ ಸಂಸಾರಸ್ಥ ಹೆಂಗಸು ಇದ್ದರೆ ಇನ್ಸ್‌ಪೆಕ್ಟರ್ ಮೆತ್ತಗಾಗುತ್ತಾನೆ ಎಂಬುದು ಭಾವನ ಇನ್ನೊಂದು ಶೋಧ. ಮಡಿಲಿಗೆ ಹೂವು, ತೆಂಗಿನಕಾಯಿ ಕೊಟ್ಟು ಬಾಯಿ ಮುಚ್ಚಿಕೊಂಡು ಕೂತಿರಬೇಕೆಂದರು. ನಾನು ಕೂತೆ. ನನಗೆ ಮಲಾಡಿನ ಕಿಟಕಿ ಬೇಕಿತ್ತು. ಅದಕ್ಕಾಗಿ ಆ ಒಂದು ಬೆಳಿಗ್ಗೆ ಬಾಯಿ ಮುಚ್ಚಿ ಕೂರಲು ಸಿದ್ಧಳಿದ್ದೆ.

ಪಾಸಿಂಗ್ ನಡೆಯುವ ಮೈದಾನದಲ್ಲಿ ಟ್ಯಾಕ್ಸಿಗಳ ಸಾಲು. ಬಿಸಿಲು ಇನ್ನೂ ಕಟ್ಟಡಗಳ ಆಚೆಗೇ ಇತ್ತು. ಇನ್ಸ್‌ಪೆಕ್ಟರ್ ಖಾಕಿಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು, ಅಷ್ಟರ ಮೇಲೂ ನಡುಗುತ್ತಿದ್ದ. ನನ್ನತ್ತ ಒಮ್ಮೆ ನೋಡಿ, ಮೆತ್ತಗಾಗುವುದಿರಲಿ, ಈ ಮೂಟೆ ಯಾಕೆ ಎಂಬಂತೆ ಮುಖ ತಿರುಗಿಸಿದ. ಹಾರ್ನ್ ಕೇಳಿದ, ಬ್ರೇಕ್ ನೋಡಿದ, ದೀಪ ನೋಡಿದ. ದೇವರ ದಯೆಯೋ ಅವನ ಚಳಿಯೋ, ಬಿಸ್ಕತ್ತಿನ ಮುಚ್ಚಳ ಅವನ ಕಣ್ಣಿಗೆ ಬೀಳಲಿಲ್ಲ. ನನ್ನ ಎದೆ ಹಗುರವಾಗತೊಡಗಿತು.

"ರೈಟ್ ಸೈಡ್ ದಿಖಾವ್," ಎಂದ.

ನನ್ನ ಗಂಡ ಗುಂಡಿ ತಿರುಗಿಸಿದರು. ಏನೂ ಏಳಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಕಂಬದೊಳಗೆ ಎಲ್ಲೋ ಸಣ್ಣಗೆ ಕಟಕಟ ಅಂದಿತು, ಅಷ್ಟೇ. ಗಾಬರಿಯಲ್ಲಿ ಅವರು ತಮ್ಮ ಬಲಗೈಯನ್ನೇ ಕಿಟಕಿಯಿಂದ ಹೊರಗೆ ಚಾಚಿದರು.

"ತುಮ್ಹಾರಾ ನಹೀ," ಎಂದ ಇನ್ಸ್‌ಪೆಕ್ಟರ್. "ಗಾಡೀ ಕಾ ಹಾಥ್ ದಿಖಾವ್."

ಅವನಿಗೆ ಬೇಕಿದ್ದದ್ದು ಗಾಡಿಯ ಕೈ, ನನ್ನ ಗಂಡನದಲ್ಲ. ಸಾಲಿನಲ್ಲಿದ್ದ ಡ್ರೈವರುಗಳು ನಕ್ಕರು. ಭಾವ ಧಡಕ್ಕನೆ ಇಳಿದು ಕಂಬಕ್ಕೆ ಗುದ್ದಿದರು. ಎಡಗಡೆಯದನ್ನು ನೋಡೋಣ ಎಂದರೆ ಅದೂ ಹಾಗೆಯೇ. ಇನ್ಸ್‌ಪೆಕ್ಟರ್ ಹತ್ತಿರ ಬಂದು ಕಂಬದ ಸಂದಿಗೆ ಪೆನ್ಸಿಲ್ ತೂರಿಸಿ ಹೊರಗೆಳೆದ. ಪೆನ್ಸಿಲಿನ ತುದಿಯಲ್ಲಿ ಬೆಳ್ಳಗಿನ ಮುದ್ದೆ. ಮೂಗಿನ ಹತ್ತಿರ ಹಿಡಿದು ನೋಡಿ, ಇದನ್ನು ತುಂಬಿದವರು ಯಾರು ಎಂದು ಕೇಳಿದ.

ಭಾವ ಒಂದು ಕ್ಷಣವೂ ತಡಮಾಡಲಿಲ್ಲ. ನನ್ನ ಗಂಡನತ್ತ ಬೆರಳು ಮಾಡಿ, "ಡ್ರೈವರ್ ಕಾ ಗಲತಿ, ಸಾಬ್. ತೇಲ್ ಉಸ್ನೇ ಡಾಲಾ," ಎಂದು ಎಣ್ಣೆ ಸುರಿದ ತಪ್ಪನ್ನು ಅವರ ತಲೆಗೆ ಕಟ್ಟಿದರು.

ನಾನು ನನ್ನ ಗಂಡನ ಬೆನ್ನನ್ನೇ ನೋಡುತ್ತಿದ್ದೆ. ಈಗ ತಿರುಗುತ್ತಾರೆ, ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಗಾಡಿಯಿಂದಿಳಿದು ಕೈ ಮುಗಿದು, "ಹಾಂ ಸಾಬ್, ಮೇರೀ ಗಲತಿ," ಎಂದು ಆ ತಪ್ಪನ್ನು ಒಪ್ಪಿಕೊಂಡರು.

ಭಾವ ಸುಳ್ಳು ಹೇಳಿದ್ದರಿಂದ ನನಗೆ ಸಿಟ್ಟು ಬರಲಿಲ್ಲ. ಅವರಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ನನ್ನ ಗಂಡನನ್ನು ನೋಡಿ ಅಸಹ್ಯವಾಯಿತು. ಇಷ್ಟು ವರ್ಷಗಳಾದ ಮೇಲೆ ಹೇಳಲು ಹಿತವಿಲ್ಲ, ಆದರೆ ಆಗ ಅನ್ನಿಸಿದ್ದು ಅದೇ. ಇಂಥವರ ಜೊತೆ ಮಲಾಡಿಗೆ ಹೋದರೇನು, ಸಾಂತಾಕ್ರೂಜಿನಲ್ಲೇ ಸತ್ತರೇನು ಎನ್ನಿಸಿತು. ಇನ್ಸ್‌ಪೆಕ್ಟರ್ ಎಲ್ಲ ಸರಿಮಾಡಿಕೊಂಡು ಬನ್ನಿ ಎಂದು ಗಾಡಿಯನ್ನು ಹೊರಗೆ ಕಳಿಸಿದ.

ಹಿಂದಿರುಗುವಾಗ ಬಿಸಿಲು ಏರಿತ್ತು. ಗಾಡಿಯ ಮೈ ಬೆಚ್ಚಗಾಗಿ, ಕೊಬ್ಬರಿಯ ವಾಸನೆ ಒಳಗೆಲ್ಲ ತುಂಬಿಕೊಂಡಿತು. ದಾದರ್ ಹತ್ತಿರ ಎಡಕ್ಕೆ ತಿರುಗುವಾಗ ನನ್ನ ಗಂಡ ಅಭ್ಯಾಸದಿಂದ ಗುಂಡಿ ತಿರುಗಿಸಿದರು. ಕೈ ಟಪ್ಪೆಂದು ಎದ್ದು ಅಡ್ಡಕ್ಕೆ ನಿಂತಿತು.

ಭಾವನ ಮುಖ ಅರಳಿತು. "ನೋಡಿದ್ಯಾ! ನಾನು ಹೇಳ್ಲಿಲ್ವಾ? ನಮ್ಮ ಎಣ್ಣೆ ಅಂದ್ರೆ ಎಣ್ಣೆ." ಆಮೇಲೆ, ಅದೇ ಉಸಿರಿನಲ್ಲಿ, "ಆದ್ರೆ ನಿನ್ಗೆ ಈ ಗಾಡಿ ಆಗುದಿಲ್ಲ. ಇನ್ಸ್‌ಪೆಕ್ಟರನ ಎದುರು ಮರ್ಯಾದೆ ತೆಗ್ದೆ. ಮುಂದಿನ ಸಲ ನನ್ನ ಹೆಂಡತಿಯ ತಮ್ಮ ತಕೊಂಡು ಹೋಗ್ಲಿ, ಅವನೇ ನಡೆಸ್ಲಿ. ನೀವು ಹೋಟೆಲಿನಲ್ಲೇ ಇರಿ. ಮಲಾಡ್ ಎಲ್ಲ ಮತ್ತೆ ನೋಡುವ," ಎಂದರು.

"ಆಯ್ತು ಅಣ್ಣ," ಎಂದರು ನನ್ನ ಗಂಡ.

ಅಷ್ಟು ಸುಲಭ. ಒಂದು ಕಿಟಕಿ, ಒಂದು ಮರ, ನನ್ನ ಇಡೀ ಬಾಳು, ಎರಡು ಮಾತಿನಲ್ಲಿ ಮುಗಿಯಿತು. ಸ್ಟೇರಿಂಗ್ ಹಿಡಿದ ಅವರ ಅಂಗಿಯ ಮೇಲೆ ಹಿತ್ತಾಳೆ ಬಿಲ್ಲೆ ಬಿಸಿಲಿಗೆ ಹೊಳೆಯುತ್ತಿದ್ದುದು ಮುಂದಿನ ಕನ್ನಡಿಯಲ್ಲಿ ಕಂಡಿತು. ಗಾಡಿ ಭಾವನದು, ಹೋಟೆಲು ಭಾವನದು, ಕಂಬದೊಳಗಿನ ಎಣ್ಣೆಯೂ ಭಾವನದೇ. ಆದರೆ ಆ ಬಿಲ್ಲೆ ನನ್ನ ಗಂಡನದು. ಮುಂಬಯಿಯಲ್ಲಿ ಇದೊಂದೇ ಗಾಡಿಯೇ? ಡ್ರೈವರಿಲ್ಲದೆ ನಿಂತ ಟ್ಯಾಕ್ಸಿಗಳು ಈ ಊರಿನಲ್ಲಿ ಎಷ್ಟೋ. ಇದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಭಾವನ ಮಾತು ಕೇಳಿ ಕೇಳಿ ನಾವೂ ಅಷ್ಟು ದಡ್ಡರಾಗಿದ್ದೆವು.

"ಗಾಡಿ ನಿಲ್ಸಿ," ಎಂದೆ.

ಮದುವೆಯಾದಮೇಲೆ ಅವರಿಗೆ ನಾನು ಕೊಟ್ಟ ಮೊದಲ ಅಪ್ಪಣೆ ಅದು. ಅಪ್ಪಣೆ ಪಾಲಿಸುವುದು ಅವರ ರಕ್ತದಲ್ಲೇ ಇತ್ತು, ತಕ್ಷಣ ನಿಲ್ಲಿಸಿದರು. ನಾನು ಹೂವು, ತೆಂಗಿನಕಾಯಿಯನ್ನು ಸೀಟಿನ ಮೇಲಿಟ್ಟು ಇಳಿದೆ. ಅವರ ಕಿಟಕಿಯ ಹತ್ತಿರ ಹೋಗಿ, "ನಾನು ಮಲಾಡಿಗೆ ಹೋಗ್ತೇನೆ. ನಿಮ್ಗೆ ಬಿಲ್ಲೆ ಉಂಟು, ಬೇರೆ ಯಾರ ಗಾಡಿಯನ್ನಾದ್ರೂ ನಡೆಸ್ಬಹುದು. ಬರುದಾದ್ರೆ ಬನ್ನಿ, ಇಲ್ಲದಿದ್ರೆ ಅಣ್ಣನ ಜೊತೆಗೇ ಇರಿ," ಎಂದೆ. ಭಾವ ಏನೋ ಕೂಗಿದರು, ನಾನು ಕೇಳಿಸಿಕೊಳ್ಳಲಿಲ್ಲ.

ಸ್ಟೇಷನ್ನಿನ ಕಡೆಗೆ ನಡೆದೆ. ಹಿಂದಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಟಿಕೆಟ್ ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತಾಗ ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತ ಬಂದು ನಿಂತರು. ಬೂಟ್ ಪಾಲಿಶ್ ಮೆತ್ತಿದ ಕೈ ನೋಡಿ ಯಾರೆಂದು ಗೊತ್ತಾಯಿತು. ನಾನು ಮುಖ ನೋಡಲಿಲ್ಲ.

ಅವರು, "ಅಣ್ಣ ಗಾಡಿಯಲ್ಲೇ ಇದ್ದಾನೆ," ಎಂದರು.

"ಇರ್ಲಿ."

"ಗಾಡಿ ರಸ್ತೆಯ ಮಧ್ಯ ಉಂಟು. ಅವನಿಗೆ ಡ್ರೈವಿಂಗ್ ಬರುದಿಲ್ಲ ಮಾರಾಯ್ತಿ."

"ಗೊತ್ತುಂಟು," ಎಂದೆ. "ನೀವು ಎರಡು ಟಿಕೆಟ್ ತೆಗೀರಿ."