ಸರ್ವರಿಗೆ ಹಾಕಿದ ಹಾರ

ದಸರಾ ರಜೆ ಮುಗಿದ ದಿನದಿಂದ ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರ ಡೇಟಾಬೇಸ್ ಸರ್ವರ್ ಗಂಟೆಗೊಮ್ಮೆ ತಾನಾಗಿಯೇ ಆಫ್ ಆಗತೊಡಗಿತು. ಅದು ನಿಂತರೆ ಗೇಟ್ ಪಾಸ್ ಬರುವುದಿಲ್ಲ, ಲಾರಿ ಹೊರಡುವುದಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ನಮ್ಮ ಕಂಪನಿಯದು; ನಾನು ಎರಡು ದಿನ ಪುಣೆಯ ಆಫೀಸಿನಲ್ಲೇ ಕೂತು ಲಾಗ್ ಓದಿದೆ, ಮೆಮೊರಿ ಸೆಟ್ಟಿಂಗ್ ಬದಲಿಸಿದೆ, ಡೇಟಾಬೇಸ್ ಮಾಡಿದವರನ್ನೆಲ್ಲ ಬೈದೆ. ಮೂರನೆಯ ದಿನ ನಮ್ಮ ಮ್ಯಾನೇಜರ್, "ಒಂದ್ಸಲ ಹೋಗಿ ಕಣ್ಣಲ್ಲಿ ನೋಡಿ" ಅಂದರು.

ಹೋಗಿ ನೋಡಿದರೆ ಸರ್ವರಿನ ಮುಂದಿನ ಜಾಲರಿಗೆ, ಸರಿಯಾಗಿ ಗಾಳಿ ಒಳಹೋಗುವ ಜಾಗಕ್ಕೆ, ತೋಳು ದಪ್ಪದ ಚೆಂಡುಹೂವಿನ ಹಾರ. ಬೀಳದಿರಲೆಂದು ಟೇಪ್ ಬೇರೆ ಹಚ್ಚಿದ್ದರು. ಖಂಡೇನವಮಿಯ ಆಯುಧಪೂಜೆ.

ಸರ್ವರ್ ಕೋಣೆಯ ಬೀಗ ತೆಗೆದುಕೊಟ್ಟ ಸೂಪರ್‌ವೈಸರ್ ಶರಣಪ್ಪನವರು ವಿಜಯಪುರದ ಕಡೆಯವರು.

"ಇದನ್ನ ತೆಗೀಬೇಕು ಸಾರ್. ಬಿಸಿಯಾಗಿ ಆಫ್ ಆಗ್ತಿದೆ" ಅಂದೆ.

"ಪೂಜಾದ ಹಾರ ಅದರೀ. ಒಣಗಿ ತಾನ ಬೀಳೂತನಕ ಕೈ ಹಚ್ಚಂಗಿಲ್ರಿ."

"ಅದು ಒಣಗೋದರೊಳಗೆ ಸರ್ವರ್ ಸುಟ್ಟುಹೋಗುತ್ತೆ."

ಅವರು ಸರ್ವರಿನ ಮೇಲೆ ಕೈಯಿಟ್ಟು, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ನಿಂತರು. "ಭಾಳ ಸುಡಾಕತ್ತದ. ತೆಗಿಯೂದು ಬ್ಯಾಡ್ರಿ, ಮ್ಯಾಲ ಸರಸೂಣು" ಅಂದರು. ಮೊದಲು ಚಪ್ಪಲಿ ಬಿಟ್ಟು ಕೈಮುಗಿದರು. ನಾನೂ ಶೂ ಬಿಚ್ಚಿ ಮುಗಿದೆ. ತಪ್ಪಿಲ್ಲದವರಿಗೆ ಎರಡು ದಿನ ಬೈದದ್ದು ನೆನಪಿತ್ತು.

ಹಾರವನ್ನು ಜಾಲರಿಯಿಂದ ಮೇಲಕ್ಕೆ ಸರಿಸಿದ ಮೇಲೆ ಸರ್ವರ್ ಒಮ್ಮೆಯೂ ನಿಂತಿಲ್ಲ. ಎಲ್ಲ ಪೂಜೆಯ ಫಲ ಅನ್ನುತ್ತಾರೆ ಕಾರ್ಖಾನೆಯವರು. ಈ ವರ್ಷದ ಪೂಜೆಗೆ ಇನ್ನೂ ದೊಡ್ಡ ಹಾರಕ್ಕೆ ಹೇಳಿ, ನನ್ನನ್ನೂ ಕರೆದಿದ್ದಾರೆ. ಹೋಗುತ್ತೇನೆ, ಪ್ರಸಾದಕ್ಕಲ್ಲ, ಹಾರ ಆ ಜಾಲರಿ ಮುಚ್ಚದಂತೆ ಅಡ್ಡ ನಿಲ್ಲೋಕೆ.